ಪುಣೆಯ ಹೌದಗಳೂ ಕೈತೋಟಗಳೂ

ಪುಣೆಯ ಹಳೆಯ ಪೇಠೆಗಳಲ್ಲಿ ನಡೆದಾಡುವವರ ಕಿವಿಗೆ ಎರಡು ಬಗೆಯ ಸ್ಥಳನಾಮಗಳು ಮೇಲಿಂದ ಮೇಲೆ ಬೀಳುತ್ತವೆ. ತುಳಶೀಬಾಗ, ಬೇಲಬಾಗ, ಹೀರಾಬಾಗ, ಸಾರಸಬಾಗ, ವಿಶ್ರಾಮಬಾಗ ಎಂಬ ತೋಟದ ಹೆಸರುಗಳು ಒಂದು ಬಗೆ; ಕಾಳಾ ಹೌದ, ಫಡಕೆ ಹೌದ, ನಾನಾ ಹೌದ, ಸದಾಶಿವ ಹೌದ ಎಂಬ ನೀರಿನ ಹೆಸರುಗಳು ಇನ್ನೊಂದು ಬಗೆ. ಹೌದವೆಂದರೆ ಕಲ್ಲು ಗಾರೆಗಳಿಂದ ಕಟ್ಟಿದ ನೀರಿನ ತೊಟ್ಟಿಯೆಂಬುದನ್ನು ಧಾರವಾಡ, ವಿಜಾಪುರಗಳ ಕಡೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೋಟಗಳು ಬಹುಮಟ್ಟಿಗೆ ಅಳಿದು ಅವುಗಳ ಜಾಗದಲ್ಲಿ ಅಂಗಡಿಗಳೂ ಚೌಕಗಳೂ ಎದ್ದಿವೆ. ಆದರೂ ಈ ಎರಡು ಬಗೆಯ ಹೆಸರುಗಳು ಒಂದರ ಮಗ್ಗುಲಿಗೊಂದು ಉಳಿದು ಬಂದಿರುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಈಚಿನ ವರ್ಷಗಳಲ್ಲಿ ಈ ನಗರದ ಗ್ಯಾಲರಿಗಳಲ್ಲಿಯೂ ಗಚ್ಚಿಗಳ ಮೇಲೆಯೂ, ತಳದಲ್ಲಿ ನೀರಿನ ಸಂಚಯವನ್ನು ಇಟ್ಟುಕೊಂಡು ಮೇಲಿನ ಮಣ್ಣಿಗೆ ಅದನ್ನು ತಾನಾಗಿ ಏರಿಸುವ ಡಬ್ಬಿಗಳಲ್ಲಿ ಟೊಮೇಟೊ, ಬದನೆ, ಮೆಣಸಿನಕಾಯಿಗಳನ್ನು ಬೆಳೆಯುವ ರೂಢಿ ಹಬ್ಬುತ್ತಿದ್ದು, ಮಾರುವವರೂ ಕೊಳ್ಳುವವರೂ ಇದನ್ನು ಪಶ್ಚಿಮದಿಂದ ಬಂದ ನವೀನ ಸಾಧನವೆಂದೇ ಬಗೆದಿದ್ದಾರೆ. ಡಬ್ಬಿ ಹೊಸದೆಂಬುದು ನಿಜ. ಆದರೆ ದೂರದಿಂದ ತಂದ ನೀರನ್ನು ಬಳಕೆಯ ಸ್ಥಳದ ಅಡಿಯಲ್ಲಿಯೇ ತಡೆದಿಟ್ಟು, ಬೇಕಾದಾಗ ಬೇಕಾದಷ್ಟನ್ನೇ ತೆಗೆದುಕೊಳ್ಳುವ ವಿವೇಕವು ಪುಣೆಯಲ್ಲಿ ಇನ್ನೂರೈವತ್ತು ವರ್ಷಗಳಿಗೂ ಹಿಂದೆ ಬೇರೂರಿದ್ದಿತು. ಅದರ ಚರಿತ್ರೆಯನ್ನು ಬಲ್ಲವರಿಗೆ ಈ ಡಬ್ಬಿ ಅಪರಿಚಿತವಾಗಿ ಕಾಣಲಾರದು.

ಮುಠಾ ನದಿ ಊರಿನ ಮಗ್ಗುಲಲ್ಲಿಯೇ ಹರಿಯುತ್ತದಾದರೂ ಅದು ಸಹ್ಯಾದ್ರಿಯ ಮಳೆಯನ್ನೇ ನಂಬಿದ ನದಿ. ಆಷಾಢ ಶ್ರಾವಣಗಳಲ್ಲಿ ದಡ ಮೀರುವುದು, ಚೈತ್ರ ವೈಶಾಖಗಳಲ್ಲಿ ಬಂಡೆಗಳ ನಡುವಣ ಮಡುಗಳಿಗೆ ಇಳಿದುಬಿಡುವುದು ಅದರ ಸ್ವಭಾವ. 1730ರಿಂದ 1732ರ ಅವಧಿಯಲ್ಲಿ ಪೇಶವೆಗಳ ಅರಮನೆಯಾದ ಶನಿವಾರವಾಡೆ ಎದ್ದ ತರುವಾಯ ಊರು ಬೆಳೆಯುತ್ತ ಹೋದಂತೆ, ಈ ನದಿಯನ್ನೂ ಬಾವಿಗಳನ್ನೂ ನಂಬಿ ಒಂದು ರಾಜಧಾನಿಯನ್ನು ನಡೆಸುವುದು ಅಸಾಧ್ಯವೆಂದರಿತ ಬಾಳಾಜಿ ಬಾಜೀರಾವ್, ಎಂದರೆ ನಾನಾಸಾಹೇಬ ಪೇಶವೆ, 1750ರ ಸುಮಾರಿಗೆ ದಕ್ಷಿಣದ ಕಾತ್ರಜ ಘಾಟದ ಬುಡದಲ್ಲಿ ಕೆರೆಯನ್ನು ಕಟ್ಟಿಸಿ, ಅಲ್ಲಿಂದ ಐದಾರು ಮೈಲಿ ದೂರದ ಶನಿವಾರವಾಡೆಯವರೆಗೆ ನೆಲದೊಳಗೆ ಕಲ್ಲಿನ ಕಾಲುವೆಯೊಂದನ್ನು ತರಿಸಿದನು. ಮನುಷ್ಯನು ಒಳಗಿಳಿದು ನಡೆಯಬಹುದಾದಷ್ಟು ಎತ್ತರದ ಆ ಕಾಲುವೆಯಲ್ಲಿ ನೀರು ಯಾವ ಯಂತ್ರದ ಸಹಾಯವೂ ಇಲ್ಲದೆ ಕೇವಲ ಇಳಿಜಾರಿನ ಬಲದಿಂದ ಹರಿಯಿತು. ದಾರಿಯುದ್ದಕ್ಕೂ ಹೂಳು ಕೆಳಗಿಳಿದು ನೀರು ತಿಳಿಯಾಗುವುದಕ್ಕೆ ಹೊಂಡಗಳನ್ನು, ಒಳಗೆ ಸಿಕ್ಕಿಕೊಂಡ ಗಾಳಿ ಹೊರಬೀಳುವುದಕ್ಕೆ ‘ಉಸಾಸೆ’ಗಳೆಂದು ಜನರು ಕರೆದ ಕಲ್ಲಿನ ಕಂಬಗೂಡುಗಳನ್ನು ಇಟ್ಟಿದ್ದರು. ಈ ವಿದ್ಯೆ ದಖ್ಖನಕ್ಕೆ ಹೊಸದಾಗಿರಲಿಲ್ಲ. ಬೀದರಿನ ನೌಬಾದದ ಸುರಂಗ ಬಾವಿಯನ್ನು ನೋಡಿದವರು, ವಿಜಾಪುರದಲ್ಲಿ 1651ರ ಬೇಗಮ್ ತಲಾಬಿನ ನೀರನ್ನು ಊರೊಳಗೆ ತಂದ ಮಣ್ಣಿನ ಕೊಳವೆಗಳನ್ನೂ ಅವುಗಳ ಒತ್ತಡವನ್ನು ಸಡಿಲಿಸುವ ‘ಗಂಜ್’ ಎಂಬ ಎತ್ತರದ ಗೋಪುರಗಳನ್ನೂ ಕಂಡವರು, ಔರಂಗಾಬಾದಿನಲ್ಲಿ ಮಲಿಕ್ ಅಂಬರನು ಮಾಡಿಸಿದ ನಹರವನ್ನು ಬಲ್ಲವರು, ಪೇಶವೆಗಳ ಕಾಲುವೆಯಲ್ಲಿ ಅದೇ ಪರಂಪರೆಯ ಒಂದು ಕಿರಿಯ ಕೊಂಬೆಯನ್ನು ಗುರುತಿಸದೆ ಇರಲಾರರು. ನಮ್ಮ ಬೀದರ, ವಿಜಾಪುರಗಳ ನೀರಿನ ಶಿಲ್ಪಿಗಳಿಗೆ ಪುಣೆಯ ಇತಿಹಾಸಕಾರರು ಸಲ್ಲಿಸಬೇಕಾದ ಋಣ ಇನ್ನೂ ಪೂರ್ತಿಯಾಗಿ ಸಂದಿಲ್ಲವೆಂದು ನನ್ನ ಅಭಿಪ್ರಾಯ.

ಕಾತ್ರಜದ ನೀರು ಶನಿವಾರವಾಡೆಯ ಹಜಾರೀ ಕಾರಂಜಿಯಲ್ಲಿ ಚಿಮ್ಮಿದ್ದನ್ನು ಎಲ್ಲರೂ ಬಣ್ಣಿಸುತ್ತಾರೆ. ಆದರೆ ನನ್ನ ಮನಸ್ಸು ನಿಲ್ಲುವುದು ಆ ವೈಭವದಲ್ಲಲ್ಲ, ದಾರಿಯಲ್ಲಿ ಅದು ತುಂಬುತ್ತ ಬಂದ ಹೌದಗಳಲ್ಲಿ. ಕೆಲವು ಬೀದಿಯ ಚೌಕದಲ್ಲಿದ್ದ ಸಾರ್ವಜನಿಕ ತೊಟ್ಟಿಗಳು, ಕೆಲವು ಸರದಾರರ ವಾಡೆಗಳೊಳಗಿನ ಖಾಸಗಿ ತೊಟ್ಟಿಗಳು. ಅನೇಕ ವಾಡೆಗಳಲ್ಲಿ ಬಾವಿಯಂತೆ ಕಾಣುವ, ಆದರೆ ಅಂತರ್ಜಲದಿಂದಲ್ಲದೆ ಈ ಕಾಲುವೆಯಿಂದಲೇ ತುಂಬುವ ‘ಆಡ’ಗಳಿದ್ದವು, ಹಗ್ಗ ಬಿಟ್ಟು ಕೊಡ ಮುಳುಗಿಸಿದರೆ ಸಾಕು, ಎಷ್ಟು ಸೇದಿದರೆ ಅಷ್ಟು ನೀರು ಕಾಲುವೆಯಿಂದ ಒಳಗೆ ಬಂದು ಮಟ್ಟ ಸಮನಾಗುತ್ತಿತ್ತು, ಸೇದದೆ ಬಿಟ್ಟರೆ ನಿಂತಲ್ಲಿಯೇ ನಿಲ್ಲುತ್ತಿತ್ತು. ನೀರನ್ನು ಯಾರೂ ಹೊತ್ತು ತಂದು ಸುರಿಯಬೇಕಾಗಿರಲಿಲ್ಲ. ಬೇಡಿಕೆಯೇ ಪೂರೈಕೆಯನ್ನು ಎಳೆದುಕೊಳ್ಳುತ್ತಿತ್ತು. ಈ ಒಂದು ಗುಣವನ್ನು ಓದುಗರು ನೆನಪಿನಲ್ಲಿಡಬೇಕು.

ಹೌದಗಳ ನೀರು ಎಲ್ಲರದೂ ಆಗಿರಲಿಲ್ಲವೆಂಬುದನ್ನು ಹೇಳದೆ ಮುಂದುವರಿಯುವುದು ಇತಿಹಾಸಕ್ಕೆ ಬಗೆಯುವ ದ್ರೋಹವಾದೀತು. ಅಸ್ಪೃಶ್ಯರೆನಿಸಿದವರು ಬೀದಿಯ ಹೌದದ ಕಟ್ಟೆಯನ್ನು ಮುಟ್ಟುವಂತಿರಲಿಲ್ಲ. ಮೇಲಿನವರು ಸುರಿದರೆ ಉಂಟು, ಇಲ್ಲವಾದರೆ ಇಲ್ಲ. 1868ರಲ್ಲಿ ಜೋತಿರಾವ್ ಫುಲೆಯವರು ತಮ್ಮ ಮನೆಯ ಹೌದವನ್ನು ಅವರಿಗೆ ತೆರೆದರು. ಈ ನಗರದ ನೀರಿನ ಚರಿತ್ರೆಯಲ್ಲಿ ಕಾತ್ರಜದ ಕಾಲುವೆಗಿಂತ ದೊಡ್ಡ ಘಟನೆ ಯಾವುದಾದರೂ ಇದ್ದರೆ ಅದು ಇದೇ. ಫುಲೆಯವರದು ತೋಟಿಗರ ವಂಶ; ಪೇಶವೆಗಳ ಅರಮನೆಗೆ ಹೂ ಒದಗಿಸುತ್ತಿದ್ದ ಮನೆತನಕ್ಕೆ ಆ ವೃತ್ತಿಯಿಂದಲೇ ಫುಲೆಯೆಂಬ ಹೆಸರು ಬಂದಿತು. ನೀರು ಬೇರಿಗೆ ಮುಟ್ಟದಿದ್ದರೆ ಏನಾಗುವುದೆಂಬುದನ್ನು ಪುಸ್ತಕದಿಂದ ಕಲಿಯಬೇಕಾದ ಅಗತ್ಯ ಅವರಿಗಿರಲಿಲ್ಲ.

ಇನ್ನು ವಾಡೆಯ ಹಿಂಬದಿಗೆ ಬರೋಣ. ಮರಾಠಿಯವರು ‘ಪರಸಬಾಗ’ವೆನ್ನುವ ಹಿತ್ತಿಲಿನಲ್ಲಿ ಕರಿಬೇವು, ನುಗ್ಗೆ, ಬಾಳೆ, ಚಪ್ಪರಕ್ಕೆ ಹಬ್ಬಿದ ಹೀರೆ, ಪಡವಲ, ಅವರೆ ಇವುಗಳೆಲ್ಲ ಇರುವುದು ಕ್ರಮ; ಆದರೆ ಬಚ್ಚಲ ಮೋರಿಯ ಬಾಯಿಗೆ ತಪ್ಪದೆ ಇರುತ್ತಿದ್ದುದು ಕೆಸು, ಅವರ ಮಾತಿನಲ್ಲಿ ‘ಅಳೂ’. ಸ್ನಾನದ ನೀರು, ಪಾತ್ರೆ ಬೆಳಗಿದ ನೀರು, ಅಕ್ಕಿ ತೊಳೆದ ನೀರು ಒಂದು ಸಣ್ಣ ಕಾಲುವೆಯಾಗಿ ಹರಿದು ಆ ಮೂಲೆಯ ತಗ್ಗಿನಲ್ಲಿ ಇಂಗುತ್ತಿತ್ತು. ಮೇಲುಮಣ್ಣು ಒಣಗಿ ಬಿರುಕು ಬಿಟ್ಟರೂ ಗೇಣುದ್ದ ಕೆಳಗೆ ಸದಾ ತೇವವಿದ್ದು, ಕೆಸುವಿನ ಗಡ್ಡೆ ಅದನ್ನೇ ಹೀರಿ ಆನೆಯ ಕಿವಿಯಗಲದ ಎಲೆಗಳನ್ನು ಬಿಡುತ್ತಿತ್ತು. ಅದಕ್ಕೆಂದು ಪ್ರತ್ಯೇಕವಾಗಿ ಯಾರೂ ನೀರು ಹಾಕಿದವರಲ್ಲ. ಮದುವೆ ಮುಂಜಿಗಳ ಪಂಕ್ತಿಯಲ್ಲಿ ಕಡಲೆಬೇಳೆ, ಶೇಂಗಾ, ಮೂಲಂಗಿಯ ಚೂರುಗಳೊಡನೆ ಬೆಂದು ಬರುತ್ತಿದ್ದ ಕೆಸುವಿನ ಪಲ್ಯವು ಈ ಬಚ್ಚಲ ನೀರಿನ ಪ್ರಸಾದವೆಂಬುದನ್ನು ಉಂಡವರೆಲ್ಲ ಬಲ್ಲರು. ಬಳಸಿ ಬಿಟ್ಟ ನೀರನ್ನು ಬೇರಿನ ಕೆಳಗೆ ನಿಲ್ಲಿಸಿ ಬೆಳೆ ತೆಗೆಯುವ ಇಷ್ಟು ಸರಳವಾದ ಏರ್ಪಾಡನ್ನು ನಮ್ಮ ಹಿತ್ತಿಲುಗಳೂ ಮಾಡಿಕೊಂಡಿದ್ದವು; ಮಲೆನಾಡು, ಕರಾವಳಿಗಳ ಮನೆಗಳಲ್ಲಿ ಬಚ್ಚಲ ಹಿಂದಿನ ಕೆಸು, ಬಾಳೆ, ಬಸಳೆಗಳನ್ನು ಕಾಣದವರು ಯಾರು?

ಅಂಗಳದ ನಡುವಿನ ತುಳಸೀವೃಂದಾವನದ್ದು ಬೇರೊಂದು ರೀತಿ. ಅದು ಎತ್ತರದ ಕಟ್ಟೆ. ನಾಲ್ಕೂ ಕಡೆಗಳಿಂದ ಬಿಸಿಲು ಹೊಡೆದು ಬೇಗ ಒಣಗುವ ಸ್ವಲ್ಪವೇ ಮಣ್ಣು. ವೈಶಾಖದಲ್ಲಿ ಶಿವಲಿಂಗದ ಮೇಲೆ ಗಲಂತಿಕೆಯನ್ನು ಕಟ್ಟಬೇಕೆಂಬ ಧರ್ಮಶಾಸ್ತ್ರದ ವಿಧಿಯಿದೆ. ತಳದಲ್ಲಿ ಸೂಕ್ಷ್ಮ ರಂಧ್ರವಿರುವ, ದರ್ಭೆಯನ್ನೋ ಬತ್ತಿಯನ್ನೋ ತೂರಿಸಿ ಹನಿಯನ್ನು ಹದಗೊಳಿಸುವ ಈ ಪಾತ್ರೆಯನ್ನು ಮರಾಠಿಯಲ್ಲಿ ‘ಗಳತಿ’ಯೆಂದೂ ನಮ್ಮಲ್ಲಿ ಧಾರಾಪಾತ್ರೆಯೆಂದೂ ಕರೆಯುತ್ತಾರೆ. ಬೇಸಿಗೆಯ ಆ ಒಂದು ತಿಂಗಳು ತುಳಸಿಯ ಮೇಲೆಯೂ ಇದನ್ನು ತೂಗಹಾಕುವ ಆಚಾರ ಉಂಟು. ಕಸಬಾ ಪೇಠೆಯ ತಾಂಬಟ ಆಳಿಯ ಕುಶಲಿಗಳು, ಪೇಶವೆಗಳ ಕಾಲದಲ್ಲಿ ಕೊಂಕಣದಿಂದ ಬಂದು ನೆಲೆಸಿದ ತಾಮ್ರಗಾರರು, ತಾಮ್ರದ ಹಾಳೆಯನ್ನು ಬಡಿದು ಮಾಡುವ ಇಂಥ ಪಾತ್ರೆಗಳು ತುಳಶೀಬಾಗದ ಅಂಗಡಿಗಳಲ್ಲಿ ಇಂದಿಗೂ ಮಾರಾಟಕ್ಕಿವೆ. ಒಂದು ಕಾಲದಲ್ಲಿ ತುಳಸಿಯ ವನವೇ ಆಗಿದ್ದು, ಪುಣೆಯ ಸುಭೇದಾರನಾಗಿದ್ದ ನಾರೋ ಅಪ್ಪಾಜಿ ಅಲ್ಲಿ ರಾಮಮಂದಿರವನ್ನು ಕಟ್ಟಿಸಿದ ಮೇಲೆ ಪೇಟೆಯಾದ ಜಾಗವದು. ಆಚಾರವನ್ನು ಕೇವಲ ಆಚಾರವೆಂದು ನೋಡುವವರು ಇಲ್ಲಿ ಪುಣ್ಯವನ್ನು ಮಾತ್ರ ಕಂಡಾರು; ತೋಟಗಾರನ ಕಣ್ಣಿಗೆ, ವರ್ಷದಲ್ಲಿಯೇ ಅತಿ ಉಗ್ರವಾದ ಮೂವತ್ತು ದಿನಗಳಲ್ಲಿ, ಮನೆಯವರು ಮರೆತರೂ ಗಿಡ ಸಾಯದಂತೆ ಹನಿಹನಿಯಾಗಿ ನೀರುಣಿಸುವ ಯೋಜನೆಯೂ ಕಾಣುತ್ತದೆ.

ಮೇಲಿನಿಂದ ಹನಿಸುವುದಕ್ಕೆ ಪ್ರತಿಯಾಗಿ ಕೆಳಗಿನಿಂದ ಒಸರಿಸುವ ಉಪಾಯವು ಕುಂಬಾರನದು. ಸುಟ್ಟ, ಆದರೆ ಹೊಳಪು ಲೇಪಿಸದ ಮಡಕೆಯನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು, ನೀರು ತುಂಬಿ, ಬಾಯಿಗೆ ಮುಚ್ಚಳವಿಟ್ಟರೆ ಸುತ್ತಲಿನ ಒಣಮಣ್ಣು ಮಡಕೆಯ ಗೋಡೆಯ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಮಣ್ಣು ನೆನೆದಂತೆಲ್ಲ ಸೆಳೆತ ಕುಗ್ಗಿ ಒಸರುವಿಕೆ ತಾನಾಗಿ ನಿಲ್ಲುತ್ತದೆ. ಕ್ರಿಸ್ತಪೂರ್ವ ಒಂದನೆಯ ಶತಮಾನದ ಚೀನದ ಕೃಷಿಲೇಖಕ ಫಾನ್ ಶೆಂಗ್‌ಝಿ, ಗುಂಡಿಯ ನಡುವೆ ಮಡಕೆ ಹೂತು ಸುತ್ತ ಕರಬೂಜದ ಬೀಜ ಊರುವ ಕ್ರಮವನ್ನು ಬರೆದಿಟ್ಟಿದ್ದಾನೆ. ಹರಿಯಾಣದ ಕರ್ನಾಲಿನ ಕೇಂದ್ರೀಯ ಲವಣಮೃತ್ತಿಕಾ ಸಂಶೋಧನ ಸಂಸ್ಥೆಯಲ್ಲಿ 1970ರ ದಶಕದಲ್ಲಿ ವಿಜ್ಞಾನಿ ಆರ್. ಸಿ. ಮಂಡಲ್ ಅವರು ಇದೇ ಕುಂಭ ನೀರಾವರಿಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದರು. ದಖ್ಖನದ ಒಣನಾಡಿನಲ್ಲಿ ಎಳೆಯ ಮಾವಿನ ಗಿಡದ ಮಗ್ಗುಲಿಗೆ ಮಡಕೆ ಹೂಳುವುದು ರೈತರಿಗೆ ಪರಿಚಿತವಾದ ಕೆಲಸವೇ. ಪುಣೆಯಲ್ಲಿ ಕುಂಬಾರರ ಕೇರಿ ಕಸಬಾ ಪೇಠೆಯ ಅಂಚಿನಲ್ಲಿ, ಕುಂಭಾರವೇಸದ ಬಳಿ, ನದಿಯ ಮಗ್ಗುಲಲ್ಲಿತ್ತು. ಊರು ಒತ್ತಿದಂತೆಲ್ಲ ಅವರಲ್ಲಿ ಅನೇಕರು ಪೂರ್ವದ ಮುಂಢವಾದ ಕಡೆಗೆ ಸರಿದರು. ಮಡಕೆಯ ಗೋಡೆಯಲ್ಲಿಯೂ ಮಣ್ಣಿನಲ್ಲಿಯೂ ನಡೆಯುವ ವ್ಯಾಪಾರವೊಂದೇ: ಹಣತೆಯ ಬತ್ತಿ ಎಣ್ಣೆಯನ್ನು ಏರಿಸಿಕೊಳ್ಳುವಂತೆ, ಸೂಕ್ಷ್ಮ ಸಂದುಗಳು ನೀರನ್ನು ತಮ್ಮತ್ತ ಸೆಳೆಯುತ್ತವೆ. ಸಂದು ಕಿರಿದಾದಷ್ಟೂ ಏರಿಕೆ ಹೆಚ್ಚು. ಉಸುಕಿನಲ್ಲಿ ಕೆಲವೇ ಅಂಗುಲ ಏರುವ ನೀರು ನಯವಾದ ಮಣ್ಣಿನಲ್ಲಿ ಅಡಿಗೂ ಮೀರಿ ಏರಬಲ್ಲದು.

ಇಂಗ್ಲಿಷರ ಕಾಲದಲ್ಲಿ ಪುಣೆಯ ತರಕಾರಿಯ ಇತಿಹಾಸ ಹಿತ್ತಿಲಿನಿಂದ ಕಾಲುವೆಗೆ ಹೊರಳಿತು. ಫೈಫ್ ಎಂಬ ಸೇನಾ ಇಂಜಿನಿಯರನ ಯೋಜನೆಯಂತೆ ಮುಠಾ ನದಿಗೆ ಖಡಕವಾಸಲೆಯಲ್ಲಿ ಅಣೆಕಟ್ಟಿನ ಕೆಲಸ 1860ರ ದಶಕದ ಕೊನೆಗೆ ಆರಂಭವಾಗಿ 1879ರ ಹೊತ್ತಿಗೆ ಮುಗಿಯಿತು. ಅದರ ಬಲದಂಡೆಯ ಕಾಲುವೆ ಊರನ್ನು ಬಳಸಿ ಹಡಪಸರ, ಮಾಂಜರಿ, ಫುರಸುಂಗಿಗಳ ಕಡೆಗೆ ಹರಿದಾಗ ಅಲ್ಲಿನ ಹೊಲಗಳು ಕಬ್ಬಿಗೂ ಕಾಯಿಪಲ್ಲೆಗೂ ತಿರುಗಿದವು. ಫುಲೆಯವರು ಮಾಂಜರಿಯಲ್ಲಿ 60 ಎಕರೆ ಜಮೀನನ್ನು ಹೊಂದಿದ್ದರು. 1882ರಲ್ಲಿ ಹಂಟರ್ ಆಯೋಗಕ್ಕೆ ಸಲ್ಲಿಸಿದ ನಿವೇದನೆಯಲ್ಲಿ ತಮ್ಮನ್ನು ವ್ಯಾಪಾರಿ, ಕೃಷಿಕ, ನಗರಸಭೆಯ ಗುತ್ತಿಗೆದಾರ ಎಂದು ಹೇಳಿಕೊಂಡರು. ಅಲ್ಲಿಯವರೆಗೆ ಶನಿವಾರವಾಡೆಯ ಮುಂದಣ ಬಯಲಿನಲ್ಲಿ ಬಿಸಿಲಿಗೂ ಮಳೆಗೂ ಒಡ್ಡಿಕೊಂಡು ಕೂರುತ್ತಿದ್ದ ಕಾಯಿಪಲ್ಲೆಯ ಸಂತೆಗೆ 1886ರಲ್ಲಿ ಎಂಟು ಮೂಲೆಯ ಭವ್ಯವಾದ ಕಟ್ಟಡ ದೊರೆಯಿತು. ಗವರ್ನರನ ಹೆಸರಿನಿಂದ ಅದನ್ನು ರೇ ಮಾರ್ಕೆಟ್ಟೆಂದು ಕರೆದರು. ಆ ಹಣವನ್ನು ಶಿಕ್ಷಣಕ್ಕೆ ವಿನಿಯೋಗಿಸಬೇಕೆಂದು ನಗರಸಭೆಯಲ್ಲಿ ವಿರೋಧಿಸಿದವರು ಫುಲೆಯವರೇ. ಹಲವು ದಶಕಗಳ ತರುವಾಯ ಆಚಾರ್ಯ ಅತ್ರೆಯವರ ಪ್ರಯತ್ನದಿಂದ ಆ ಮಂಡಯಿಗೆ ಫುಲೆಯವರ ಹೆಸರೇ ಬಂದಿತು. ನಳದ ನೀರು ಮನೆಗೆ ಬಂದಿತು, ಮಂಡಯಿಯ ಮೆಂತ್ಯ ಅಡಿಗೆಮನೆಗೆ ಬಂದಿತು. ಹಿತ್ತಿಲಿನ ಅಗತ್ಯ ಕುಗ್ಗಿತು. ಹೌದಗಳನ್ನು ಜನರು ಮರೆಯತೊಡಗಿದ್ದು ಆಗಲೇ.

ಅದೇ ಕಾಲದಲ್ಲಿ ತೋಟಗಾರಿಕೆ ಪುಣೆಯಲ್ಲಿ ವಿದ್ಯಾಲಯವನ್ನು ಪ್ರವೇಶಿಸಿತು. 1830ರಷ್ಟು ಹಿಂದೆ ಸ್ಥಾಪಿತವಾದ ಪಶ್ಚಿಮ ಭಾರತದ ಕೃಷಿ-ತೋಟಗಾರಿಕಾ ಸಂಘದ ಎಂಪ್ರೆಸ್ ಉದ್ಯಾನ, ಗಣೇಶಖಿಂಡದ ಸಸ್ಯೋದ್ಯಾನ, 1907ರಲ್ಲಿ ಸ್ವತಂತ್ರವಾಗಿ ನೆಲೆಗೊಂಡ ಕೃಷಿ ಕಾಲೇಜು ಇವು ಈ ನಗರವನ್ನು ಮುಂಬಯಿ ಇಲಾಖೆಯ ಕೃಷಿವಿದ್ಯೆಯ ಕೇಂದ್ರವನ್ನಾಗಿ ಮಾಡಿದವು. ಅದರ ಪ್ರಾಚಾರ್ಯರಾಗಿದ್ದ ಹೆರಾಲ್ಡ್ ಮಾನ್ ಅವರು ಪುಣೆಯ ಬಳಿಯ ಪಿಂಪಳೆ ಸೌದಾಗರವೆಂಬ ಹಳ್ಳಿಯ ಒಂದೊಂದು ತುಂಡು ನೆಲವನ್ನೂ ಅಳೆದು 1917ರಲ್ಲಿ ಪ್ರಕಟಿಸಿದ ಅಧ್ಯಯನವು ಇಂದಿಗೂ ಓದಲು ಯೋಗ್ಯವಾಗಿದೆ. ಕನ್ನಡಿಗರಿಗೆ ಈ ಕಾಲೇಜು ಪರಕೀಯವಲ್ಲ: 1947ರಲ್ಲಿ ಧಾರವಾಡದಲ್ಲಿ ಕೃಷಿ ಕಾಲೇಜು ತೆರೆಯುವವರೆಗೆ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳ ತರುಣರು ಕೃಷಿಪದವಿಗಾಗಿ ಬರಬೇಕಾದುದು ಇಲ್ಲಿಗೇ, ಬೇಂದ್ರೆಯವರಂಥವರು ಫರ್ಗ್ಯುಸನ್ ಕಾಲೇಜಿಗೆ ಬಂದ ಹಾಗೆಯೇ. ಪ್ಲೇಗಿನ ಭೀತಿಯಿಂದ ಇಕ್ಕಟ್ಟಾದ ಪೇಠೆಗಳನ್ನು ತೊರೆದವರು ನದಿಯಾಚೆಯ ಡೆಕ್ಕನ್ ಜಿಮಖಾನಾದ ಸುತ್ತ ಬಂಗಲೆಗಳನ್ನು ಕಟ್ಟಿಕೊಂಡಾಗ ಪರಸಬಾಗಕ್ಕೆ ಮತ್ತೊಮ್ಮೆ ಜೀವ ಬಂದಿತು. ಅಲ್ಲಿ ಕಾಲೇಜಿನ ಶಾಸ್ತ್ರವೂ ಅಜ್ಜಿಯ ಅನುಭವವೂ ಕೂಡಿ ಕೆಲಸ ಮಾಡಿದವು.

ಯುದ್ಧಕಾಲದ ಅಭಾವದಲ್ಲಿ ಸರಕಾರವೇ ಜನರಿಗೆ ಹೆಚ್ಚು ಆಹಾರ ಬೆಳೆಯಿರೆಂದು 1942-43ರಲ್ಲಿ ಕರೆಕೊಟ್ಟಿತು. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಕರೆಗೆ ಓಗೊಟ್ಟು ಅನೇಕರು ಮನೆಯ ಹುಲ್ಲುಹಾಸನ್ನು ಅಗೆದು ಕಾಯಿಪಲ್ಲೆ ಹಾಕಿದರು. ಇವೆರಡರ ನಡುವೆ, 1946ರಲ್ಲಿ, ಬಂಗಾಳದ ಕಾಲಿಂಪಾಂಗಿನಲ್ಲಿ ಜೆ. ಶೋಲ್ಟೋ ಡಗ್ಲಸ್ ಎಂಬವರು, ಮಣ್ಣಿಲ್ಲದೆ ಜಲ್ಲಿ ಉಸುಕುಗಳ ತೊಟ್ಟಿಯಲ್ಲಿ ಪೋಷಕ ಲವಣಗಳ ನೀರಿನಿಂದ ತರಕಾರಿ ಬೆಳೆಯುವ ವಿಧಾನವನ್ನು ಬಡವರ ಮನೆಗೂ ಎಟುಕುವಂತೆ ಸರಳಗೊಳಿಸಲು ಯತ್ನಿಸಿ, ಅದನ್ನು ಬಂಗಾಳ ಪದ್ಧತಿಯೆಂದು ಕರೆದು 1951ರಲ್ಲಿ ಗ್ರಂಥ ಬರೆದರು. ತೊಟ್ಟಿಯ ಕೃಷಿಯಲ್ಲಿ ಭಾರತಕ್ಕೆ ಇಷ್ಟು ಹಿಂದಿನಿಂದ ಪಾಲಿದೆಯೆಂಬುದನ್ನು ನಮ್ಮ ನಗರವಾಸಿಗಳು ತಿಳಿದಿರಬೇಕು.

1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆಯಿತು. ಆ ನೀರಿನ ಹೊಡೆತಕ್ಕೆ ಕೆಳಗಿನ ಖಡಕವಾಸಲೆಯೂ ಒಡೆದು ನದೀತೀರದ ಪೇಠೆಗಳು ಮುಳುಗಿದವು. ಶತಮಾನ ಕಂಡ ವಾಡೆಗಳು ಮಣ್ಣಿನ ಗೋಡೆಗಳೊಡನೆ ಕರಗಿ ಕುಸಿದವು. ನಳಗಳು ಒಣಗಿ ನಿಂತಾಗ ಜನರು ಹಳೆಯ ಬಾವಿಗಳನ್ನೂ ಹೌದಗಳನ್ನೂ ಮತ್ತೆ ಆಶ್ರಯಿಸಬೇಕಾಯಿತು. ಆ ಬಳಿಕ ಪುಣೆ ಬೇರೆಯೇ ಊರಾಯಿತು. 1963ರಲ್ಲಿ ಮಹಾರಾಷ್ಟ್ರವು ಫ್ಲ್ಯಾಟುಗಳ ಒಡೆತನದ ಕಾಯಿದೆಯನ್ನು ಮಾಡಿತು. ವಾಡೆಗಳ ಜಾಗದಲ್ಲಿ ಸಹಕಾರಿ ಗೃಹಸಂಘಗಳ ಬಹುಮಹಡಿಗಳು ಎದ್ದವು. ಅಂಗಳ, ಬಾವಿ, ಬಚ್ಚಲ ಮೋರಿ, ಕೆಸುವಿನ ಮೂಲೆ ಎಲ್ಲವೂ ಹೋಗಿ, ತೋಟವೆಂಬುದು ನಾಲ್ಕಡಿ ಅಗಲದ ಗ್ಯಾಲರಿಗೆ ಬಂದು ನಿಂತಿತು. ನೆಲದಲ್ಲಿದ್ದ ಗಿಡಕ್ಕೆ ಭೂಮಿಯೇ ಹೌದವಾಗಿತ್ತು, ಒಂದು ದಿನ ಮರೆತರೆ ಕೆಳಗಿನ ತೇವ ಕಾಪಾಡುತ್ತಿತ್ತು. ಡಾಲ್ಡಾ ಡಬ್ಬಿಗೂ ಸೀಮೆಎಣ್ಣೆಯ ಡಬ್ಬಿಗೂ ಹತ್ತಿದ ಗಿಡಕ್ಕೆ ಆ ಆಸರೆ ತಪ್ಪಿತು; ಏಪ್ರಿಲಿನ ಮಧ್ಯಾಹ್ನ ಪುಣೆಯ ಒಣಗಾಳಿ ಬೀಸಿದರೆ ಬೆಳಿಗ್ಗೆ ನೆನೆಸಿದ ಕುಂಡ ಸಂಜೆಯೊಳಗೆ ಬೂದಿಯಾಗುವುದು. ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವ, ರಜೆಯಲ್ಲಿ ಊರಿಗೆ ಹೊರಡುವ ಸಂಸಾರಗಳಲ್ಲಿ ಎಷ್ಟೋ ಟೊಮೇಟೊ ಗಿಡಗಳು ಸತ್ತದ್ದು ಪ್ರೀತಿಯ ಕೊರತೆಯಿಂದಲ್ಲ, ಸಂಚಯದ ಕೊರತೆಯಿಂದ.

ಗ್ಯಾಲರಿಯ ತೋಟಕ್ಕೆ ಮಣ್ಣೂ ಕೊರತೆ, ನೀರೂ ಕೊರತೆ; ಇವೆರಡರಲ್ಲಿ ಮಣ್ಣಿನ ಕೊರತೆಗೆ ಉತ್ತರವು ಮೊದಲು ಬಂದಿತು. ಕೊಲ್ಹಾಪುರದ ಗಣಿತದ ಪ್ರಾಧ್ಯಾಪಕ ಶ್ರೀಪಾದ ಅಚ್ಯುತ ದಾಭೋಳಕರ್ ಅವರು ‘ಪ್ರಯೋಗ ಪರಿವಾರ’ವೆಂಬ ಬಳಗವನ್ನು ಕಟ್ಟಿ, ಒಣ ಎಲೆ, ಕಸಕಡ್ಡಿಗಳಿಂದ ಜೀವಂತ ಮಣ್ಣನ್ನು ಮಾಡಿಕೊಂಡು ಅತ್ಯಲ್ಪ ನೆಲ, ಅತ್ಯಲ್ಪ ನೀರಿನಲ್ಲಿ ಒಂದು ಕುಟುಂಬ ಉಣ್ಣುವಷ್ಟನ್ನು ಬೆಳೆಯಬಹುದೆಂದು ತೋರಿಸಲು ಜೀವನವನ್ನೇ ಸವೆಸಿದರು. ಮುಂಬಯಿಯ ಡಾ. ಆರ್. ಟಿ. ದೋಶಿಯವರು ಮಾಳಿಗೆಯ ಮೇಲೆ ಚೀಲಗಳಲ್ಲಿ ಕಬ್ಬಿನ ಸಿಪ್ಪೆ ತುಂಬಿ ಬೆಳೆ ತೆಗೆದರು. ಪುಣೆಯಲ್ಲಿ ಕಬ್ಬಿನ ಸಿಪ್ಪೆಗೇನು ಬರ? ಬೇಸಿಗೆಯಲ್ಲಿ ಮೂಲೆಮೂಲೆಗೊಂದು ಗೆಜ್ಜೆ ಕುಣಿಸುತ್ತ ನಿಲ್ಲುವ ರಸವಂತೀಗೃಹಗಳ ಹಿಂದೆ ಅದು ರಾಶಿಬಿದ್ದಿರುತ್ತದೆ. ಅಡಿಗೆಮನೆಯ ಕಸವನ್ನು ಮನೆಯಲ್ಲಿಯೇ ಗೊಬ್ಬರ ಮಾಡುವವರಿಗೆ ಮಹಾನಗರಪಾಲಿಕೆ ಆಸ್ತಿತೆರಿಗೆಯಲ್ಲಿ ರಿಯಾಯಿತಿಯನ್ನೂ ಕೊಟ್ಟಿತು. ಇದರ ಹಿಂದೆ ಒಂದು ನೋವಿನ ಕಥೆಯಿದೆ: ಉರುಳಿ ದೇವಾಚಿ, ಫುರಸುಂಗಿಗಳಲ್ಲಿ ನಗರದ ಕಸದ ಗುಡ್ಡ ಬೆಳೆದು ಅಲ್ಲಿನ ಬಾವಿಗಳು ಕೆಟ್ಟು, ಹಳ್ಳಿಗರು ಕಸದ ಗಾಡಿಗಳನ್ನು ತಡೆದು ನಿಲ್ಲಿಸಿದರು. ಕಾಲುವೆಯ ನೀರಿನಿಂದ ತರಕಾರಿ ಬೆಳೆದ ಸೀಮೆಗೇ ತರಕಾರಿಯ ಸಿಪ್ಪೆಯನ್ನು ಕೊಳೆಯಲು ಕಳಿಸಿದ ನಗರವು, ಒಂದು ಬಕೀಟಿನಷ್ಟಾದರೂ ಅದನ್ನು ತನ್ನ ಗ್ಯಾಲರಿಯಲ್ಲಿ ಉಳಿಸಿಕೊಂಡರೆ ಅದು ಉಪಕಾರವಲ್ಲ, ಸಾಲ ತೀರಿಸುವಿಕೆ.

ನೀರಿನ ಕೊರತೆಗೆ ಉತ್ತರವೇ ಈ ತಳಹೌದದ ಡಬ್ಬಿ. ಇಂದಿನ ರೂಪದಲ್ಲಿ ಇದನ್ನು ಪ್ರಚಾರಕ್ಕೆ ತಂದವರಲ್ಲಿ ಅಮೆರಿಕದ ಫ್ಲೋರಿಡಾದ ಟೊಮೇಟೊ ಬೆಳೆಗಾರ ಬ್ಲೇಕ್ ವಿಸೆನಂಟ್ ಮುಖ್ಯರು. ಹೊಲದ ಬೆಳೆಯನ್ನು ಪ್ರವಾಹಕ್ಕೆ ಕಳೆದುಕೊಂಡ ಬಳಿಕ 1990ರ ದಶಕದ ಆದಿಯಲ್ಲಿ ಅವರು ‘ಅರ್ಥ್‌ಬಾಕ್ಸ್’ ಎಂಬ ಪೆಟ್ಟಿಗೆಯನ್ನು ರೂಪಿಸಿದರು. ಪುಣೆಯ ಮನೆಗಳಲ್ಲಿ ಕೊಂಡ ಪೆಟ್ಟಿಗೆಗಿಂತ ಕೈಯಾರೆ ಮಾಡಿಕೊಂಡದ್ದನ್ನು ನೋಡುವುದು ನನಗೆ ಹೆಚ್ಚು ಸಂತೋಷ. ಬಣ್ಣದ ಖಾಲಿ ಬಕೀಟಿನ ತಳದಲ್ಲಿ ನಾಲ್ಕು ಅಂಗುಲ ನೀರಿಗೆ ಜಾಗ ಬಿಟ್ಟು, ಅದರ ಮೇಲೆ ರಂಧ್ರ ಕೊರೆದ ತಟ್ಟೆಯನ್ನು ಕವುಚಿ, ತಟ್ಟೆಯ ನಡುವಿನಿಂದ ಮಣ್ಣು ತುಂಬಿದ ಸಣ್ಣ ಜಾಳಿಗೆಯ ಡಬ್ಬಿಯೊಂದನ್ನು ನೀರಿಗೆ ಇಳಿಬಿಡುತ್ತಾರೆ, ಇದೇ ಬತ್ತಿ. ಒಂದು ಮೂಲೆಯಲ್ಲಿ ನೀರು ಹೊಯ್ಯುವ ಕೊಳವೆ ಮೇಲಕ್ಕೆದ್ದಿರುತ್ತದೆ. ತಟ್ಟೆಗಿಂತ ಸ್ವಲ್ಪ ಕೆಳಗೆ ಬಕೀಟಿನ ಮೈಗೆ ಒಂದು ತೂತು: ಹೆಚ್ಚಾದ ನೀರು ಅಲ್ಲಿಂದ ಹೊರಬೀಳುವುದರಿಂದ ನೀರಿಗೂ ಮಣ್ಣಿಗೂ ನಡುವೆ ಒಂದು ಬೆರಳಷ್ಟು ಗಾಳಿ ಉಳಿಯುತ್ತದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಕಾತ್ರಜದ ಕಾಲುವೆಗೆ ಉಸಾಸೆ ಹೇಗೋ ಈ ಬಕೀಟಿಗೆ ಆ ತೂತು ಹಾಗೆ, ಅದಿಲ್ಲದಿದ್ದರೆ ಇಡೀ ಏರ್ಪಾಡು ಕೆಟ್ಟು ಬೇರು ಕೊಳೆಯುವುದು. ದೊಡ್ಡ ಟೊಮೇಟೊ ಗಿಡ ಕಡುಬೇಸಿಗೆಯ ದಿನವೊಂದಕ್ಕೆ ಒಂದೆರಡು ಲೀಟರು ಕುಡಿಯಬಲ್ಲದು; ಸಂಚಯವಿದ್ದರೆ ಅದು ತನ್ನ ಹೊತ್ತಿಗೆ ತಾನು ಎಳೆದುಕೊಳ್ಳುತ್ತದೆ. ಒಮ್ಮೆ ಒಣಗಿ ಒಮ್ಮೆ ಮುಳುಗುವ ಕುಂಡದಲ್ಲಿ ಸುಣ್ಣದಂಶವು ಸರಿಯಾಗಿ ಏರದೆ ಟೊಮೇಟೊ ಹಣ್ಣಿನ ತುದಿ ಕಪ್ಪಾಗಿ ಕೊಳೆಯುವ ರೋಗವು ಇಲ್ಲಿ ಬಹಳ ಕಡಿಮೆಯಾಗುವುದು ಈ ಸಮತೆಯಿಂದಲೇ.

ಪುಣೆಯ ನೆಲದ ಎರೆಮಣ್ಣನ್ನು ಹಾಗೆಯೇ ತುಂಬಿದವರು ಸೋಲುತ್ತಾರೆ. ನೆನೆದರೆ ಅಂಟು, ಒಣಗಿದರೆ ಬಿರುಕು, ಬೇರಿಗೆ ಉಸಿರಿಲ್ಲ. ತೆಂಗಿನ ನಾರಿನ ಪುಡಿ, ಕಳಿತ ಕಬ್ಬಿನ ಸಿಪ್ಪೆ, ಎಲೆಗೊಬ್ಬರಗಳನ್ನು ಸಮವಾಗಿ ಕೂಡಿಸಿ, ಮಣ್ಣನ್ನು ಒಂದು ಪಾಲು ಮಾತ್ರ ಬೆರೆಸಿದರೆ ನೀರು ಹದವಾಗಿ ಏರುತ್ತದೆ. ಜಾಳಿಗೆಯ ಡಬ್ಬಿಯ ಬದಲು ಬಟ್ಟೆಯ ಬತ್ತಿ ಹಾಕುವವರಿಗೆ, ಹತ್ತಿಯ ಬಟ್ಟೆ ಒಂದೇ ಹಂಗಾಮಿನಲ್ಲಿ ಕೊಳೆಯುವುದರಿಂದ ಹಳೆಯ ನೈಲಾನ್ ಸೀರೆಯ ಚೂರೇ ಮೇಲು. ಬೀಜ ಮೊಳೆತು ಬೇರು ಕೆಳಗಿಳಿಯುವವರೆಗೆ ಮೇಲಿನಿಂದ ನೀರು ಚಿಮುಕಿಸಲೇಬೇಕು. ತಳಹೌದವನ್ನು ನಂಬಿ ಮೊದಲ ವಾರವೇ ಸುಮ್ಮನಾದವರ ಮೆಂತ್ಯ ಮೇಲಕ್ಕೇಳುವುದಿಲ್ಲ. ಬದನೆ, ಮೆಣಸು, ಪಾಲಕ, ಪುದೀನ ಇವು ಈ ಏರ್ಪಾಡನ್ನು ಮೆಚ್ಚುತ್ತವೆ. ದೊಡ್ಡಪತ್ರೆ, ಲೋಳೆಸರಗಳಿಗೆ ಸದಾ ತೇವ ಒಗ್ಗದು. ಎಲ್ಲಕ್ಕಿಂತ ದೊಡ್ಡ ಅಪಾಯ ಸೊಳ್ಳೆಯದು. ಡೆಂಗಿಯನ್ನು ಹರಡುವ ಸೊಳ್ಳೆ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆಯಾದ್ದರಿಂದ, ಕೊಳವೆಯ ಬಾಯಿಗೂ ಹೊರತೂತಿಗೂ ಸಣ್ಣ ಜಾಳಿಗೆ ಕಟ್ಟದವನು ತನ್ನ ಗಿಡವನ್ನು ಸಾಕಲು ನೆರೆಮನೆಯ ಮಗುವನ್ನು ಪಣಕ್ಕಿಟ್ಟಂತೆ. ಇದರಲ್ಲಿ ರಿಯಾಯಿತಿ ಕೂಡದು.

2015-16ರಲ್ಲಿ ಮಳೆ ಕೈಕೊಟ್ಟು ಪುಣೆಗೆ ದಿನ ಬಿಟ್ಟು ದಿನ ನೀರು ಬಿಡುವ ಕಾಲ ಬಂದಾಗ ಸಾಮಾನ್ಯ ಕುಂಡಗಳಿಟ್ಟವರು ಅಡಿಗೆಗೋ ಗಿಡಕ್ಕೋ ಎಂದು ಯೋಚಿಸಬೇಕಾಯಿತು. ತಳದಲ್ಲಿ ಸಂಚಯವಿರುವ ಡಬ್ಬಿಗಳಿಗೆ ಎರಡು ದಿನದ ಅಂತರವು ಅಂತರವೇ ಅಲ್ಲ. ಸೊಪ್ಪು ತೊಳೆದ ನೀರು, ಅಕ್ಕಿ ತೊಳೆದ ನೀರು ಕೊಳವೆಯೊಳಗೆ ಇಳಿದರೆ ಕೆಸುವಿನ ಮೂಲೆಯ ಹಳೆಯ ಲೆಕ್ಕವೇ ನಡೆದಂತಾಯಿತು; ಸಾಬೂನಿನ ನೀರನ್ನು ಮಾತ್ರ ಈ ಸಣ್ಣ ಪಾತ್ರೆ ತಾಳಲಾರದು. ನೀರು ಸದಾ ಕೆಳಗಿನಿಂದ ಮೇಲಕ್ಕೆ ಏರುವುದರಿಂದ ಗೊಬ್ಬರದ ಲವಣಗಳು ಮೇಲುಮಣ್ಣಿನಲ್ಲಿ ಬಿಳಿಯ ಪೊರೆಯಾಗಿ ಕೂಡುವುದು ಈ ಪದ್ಧತಿಯ ಸಹಜ ದೋಷ. ಮಳೆಯಿಲ್ಲದ ದೇಶಗಳಲ್ಲಿ ಇದಕ್ಕಾಗಿ ಆಗಾಗ ಮೇಲಿನಿಂದ ಬಕೀಟುಗಟ್ಟಲೆ ಸುರಿದು ತೊಳೆಯಬೇಕು. ವರ್ಷದ ಮಳೆಯ ಬಹುಭಾಗವನ್ನು ಜೂನಿನಿಂದ ಸೆಪ್ಟೆಂಬರದೊಳಗೆ ಪಡೆಯುವ ಪುಣೆಯಲ್ಲಿ ಡಬ್ಬಿಗಳನ್ನು ಸೂರಿನ ಹೊರಕ್ಕೆ ಸರಿಸಿ, ಹೊರತೂತು ಕಟ್ಟಿಕೊಳ್ಳದಂತೆ ಬೆರಳಾಡಿಸುತ್ತಿದ್ದರೆ ಸಾಕು. ಆಷಾಢದ ಮಳೆ ಆ ಲವಣವನ್ನೆಲ್ಲ ಇಳಿಸಿಬಿಡುತ್ತದೆ, ಗಣೇಶ ಚತುರ್ಥಿ ಕಳೆಯುವ ಹೊತ್ತಿಗೆ ಹೊಸ ಎಲೆಗೊಬ್ಬರ ಬೆರೆಸಿ ಮೆಂತ್ಯವನ್ನೂ ಟೊಮೇಟೊ ಸಸಿಯನ್ನೂ ಹಾಕಬಹುದು.